ಹಳೆಯ ಎಂಜಿನ್ನಿಗೆ ಎರವಲು ಅಂಗಗಳು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಅವರ ಕಾಲದಲ್ಲಿ ಮೋಟಾರು ಸೈಕಲ್ ಇದ್ದಿದ್ದರೆ, ಹಳೆಯ ಎಂಜಿನ್ ಬಿಚ್ಚಿ ನೋಡು ಎಂಬ ಮಾತನ್ನೂ ಸೇರಿಸುತ್ತಿದ್ದರೇನೋ. ಬಿಚ್ಚುವುದು ಅರ್ಧ ದಿನದ ಕೆಲಸ. ಮರಳಿ ಜೋಡಿಸುವ ಕೆಲಸಕ್ಕೆ ನನಗೆ ಹದಿನಾಲ್ಕು ತಿಂಗಳು ಹಿಡಿಯಿತು.

ನಮ್ಮ ಮನೆಯಲ್ಲಿರುವುದು 1974ರ ಯೆಜ್ಡಿ. ನನ್ನ ಅಣ್ಣನ ಗಾಡಿ. ಅವನು ತೀರಿಕೊಂಡ ಮೇಲೆ ಹಿತ್ತಲ ಕೊಟ್ಟಿಗೆಯಲ್ಲಿ ಗೋಣಿತಾಟು ಹೊದ್ದುಕೊಂಡು ಹನ್ನೆರಡು ವರ್ಷ ನಿಂತಿತ್ತು. ಹಿಂದೆ ಸಂಜೆಯ ಹೊತ್ತು ಬೀದಿಯ ತಿರುವಿನಲ್ಲಿ ಅದರ ಸದ್ದು ಕೇಳಿದೊಡನೆ ನಮ್ಮ ತಾಯಿ ಒಲೆಯ ಮೇಲೆ ಕಾಫಿಗೆ ನೀರಿಡುತ್ತಿದ್ದರು. ತೊಂಬತ್ತನ್ನು ಸಮೀಪಿಸಿರುವ ಅವರು ಒಂದು ದಿನ, “ಅವನ ಗಾಡಿ ಸದ್ದು ಇನ್ನೊಂದ್ಸಲ ಕೇಳೋ ಹಾಗೆ ಮಾಡ್ತೀಯೇನೋ?” ಎಂದರು. ಕೆಲಸಕ್ಕೆ ಕೈಹಾಕಲು ಇದಕ್ಕಿಂತ ಹೆಚ್ಚಿನ ಕಾರಣ ಬೇಕಿರಲಿಲ್ಲ.

ಮೈಸೂರಿನವರಿಗೆ ಈ ಗಾಡಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಜೆಕೊಸ್ಲೊವಾಕಿಯದ ಜಾವಾ ಸಂಸ್ಥೆಯಿಂದ ಪರವಾನಗಿ ಪಡೆದು, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಮೋಟಾರು ಸೈಕಲ್ ತಯಾರಿಕೆಗೆ ತೊಡಗಿತು. 1973ರಿಂದ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂತು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಜಾವಾ ಎಂಬ ಹೆಸರು 2018ರಲ್ಲಿಯೂ ಯೆಜ್ಡಿ ಎಂಬ ಹೆಸರು 2022ರಲ್ಲಿಯೂ ಮಾರುಕಟ್ಟೆಗೆ ಮರಳಿದವು. ಆದರೆ ಈ ಹೊಸ ಗಾಡಿಗಳ ಎಂಜಿನ್ ಬೇರೆಯೇ ಜಾತಿಯದು, ಅದರ ಭಾಗಗಳು ಹಳೆಯದಕ್ಕೆ ಹೊಂದುವುದಿಲ್ಲ. ಹೀಗಾಗಿ ಹಳೆಯ ಗಾಡಿಯವರಿಗೆ ಉಳಿದಿರುವುದು ಗುಜರಿ ಅಂಗಡಿ, ಹಳೆಯ ದಾಸ್ತಾನು, ಲೇತ್ ಯಂತ್ರ ಮತ್ತು ಬಲ್ಲವರ ಕೈ.

ಈ ಎಂಜಿನ್ನಿನ ರಚನೆ ಸರಳ. ನಾಲ್ಕು ನಡೆಯ ಎಂಜಿನ್ನಿನಲ್ಲಿರುವ ವಾಲ್ವುಗಳು ಇದರಲ್ಲಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ; ಏರಿಳಿಯುವ ಪಿಸ್ಟನ್ನೇ ಅವುಗಳ ಬಾಗಿಲು. ಪಿಸ್ಟನ್ ಮೇಲೇರುವಾಗ ತನ್ನ ಮೇಲಿನ ಪೆಟ್ರೋಲು-ಗಾಳಿಯ ಮಿಶ್ರಣವನ್ನು ಒತ್ತುತ್ತದೆ. ಅದೇ ಹೊತ್ತಿಗೆ ಕೆಳಗಿನ ಕ್ರ್ಯಾಂಕ್‌ಕೇಸಿನೊಳಕ್ಕೆ ಹೊಸ ಮಿಶ್ರಣವನ್ನು ಸೆಳೆದುಕೊಳ್ಳುತ್ತದೆ. ಕಿಡಿ ಹತ್ತಿ ಕೆಳಗಿಳಿಯುವಾಗ ಮೊದಲು ಹೊಗೆಯ ಕಿಂಡಿ ತೆರೆಯುತ್ತದೆ, ಮರುಕ್ಷಣವೇ ಕ್ರ್ಯಾಂಕ್‌ಕೇಸಿನಲ್ಲಿದ್ದ ಮಿಶ್ರಣ ಪಕ್ಕದ ಕಿಂಡಿಗಳಿಂದ ಮೇಲೆ ನುಗ್ಗುತ್ತದೆ. ಈ ಕಿಂಡಿಗಳ ಅಂಚುಗಳೇ ಎಂಜಿನ್ನಿನ ವೇಳಾಪಟ್ಟಿ. ಅಂಚು ಒಂದು ಮಿಲಿಮೀಟರ್ ಸರಿದರೆ ಗಾಡಿಯ ಗುಣವೇ ಬದಲಾಗುತ್ತದೆ. ಕ್ರ್ಯಾಂಕ್‌ಕೇಸ್ ಪಂಪಿನಂತೆ ಕೆಲಸ ಮಾಡುವುದರಿಂದ ಅದು ಗಾಳಿ ಸೋರದಂತಿರಬೇಕು. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಆಯಿಲ್ ಸೀಲುಗಳು ಒಣಗಿ ಸೆಟೆದಿರುತ್ತವೆ. ಪಿಸ್ಟನ್ ಎಷ್ಟು ಹೊಸದಾದರೂ ಹಳೆಯ ಸೀಲು ಉಳಿಸಿಕೊಂಡರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ನಮ್ಮ ಸಿಲಿಂಡರಿನ ಮೂಲ ವ್ಯಾಸ 65 ಮಿ.ಮೀ., ಪಿಸ್ಟನ್ನಿನ ನಡೆ 75 ಮಿ.ಮೀ.; ಗಾತ್ರ ಸುಮಾರು 249 ಘನ ಸೆಂಟಿಮೀಟರು. ಗೋಡೆ ಸವೆದಾಗ ಅದನ್ನು ಸ್ವಲ್ಪ ಅಗಲಿಸಿ ದೊಡ್ಡ ಪಿಸ್ಟನ್ ಹಾಕುವುದು ವಾಡಿಕೆ. ಇದಕ್ಕೆ ‘ಬೋರಿಂಗ್’ ಎನ್ನುತ್ತಾರೆ. ನಮ್ಮದು ಆಗಲೇ ಹಲವು ಸಲ ಬೋರಿಂಗ್ ಕಂಡು ಗೋಡೆ ತೆಳುವಾಗಿತ್ತು. ಮೇಸ್ತ್ರಿಗಳು ಕ್ಯಾಲಿಪರ್ ಇಟ್ಟು ನೋಡಿ, “ಇದಕ್ಕೆ ಇನ್ನು ಕೈ ಹಚ್ಚೋ ಹಾಗಿಲ್ಲ ಸಾರ್” ಎಂದರು.

ಆಗ ಸಿಕ್ಕಿದ್ದು ಅದೇ ಕಾರ್ಖಾನೆಯ, 1978ರಲ್ಲಿ ಬಂದ ರೋಡ್‌ಕಿಂಗ್ ಮಾದರಿಯ ಒಂದು ಸಿಲಿಂಡರು. ವ್ಯಾಸ, ನಡೆ ಎರಡೂ ಅವೇ. ಆದರೆ ಕಿಂಡಿಗಳ ವಿನ್ಯಾಸ ಬೇರೆ, ಶಕ್ತಿ ಹೆಚ್ಚು. ಇಲ್ಲಿ ನನ್ನ ಆಸೆ ಕೆರಳಿತು. ಹೇಗಿದ್ದರೂ ಬಿಚ್ಚಿದ್ದೇವೆ, ಇನ್ನಷ್ಟು ಬಲ ಬರಲಿ ಎಂದು ಹೆಡ್ಡಿನ ಮುಖವನ್ನು ಒಂದು ಮಿಲಿಮೀಟರ್ ತುರಿಸಲು ಹೇಳಿದೆ. ಇದರ ಲೆಕ್ಕ ಸುಲಭ. ಒತ್ತಡದ ಪ್ರಮಾಣ 7 ಎಂದಿಟ್ಟುಕೊಂಡರೆ ಹೆಡ್ಡಿನೊಳಗಿನ ಜಾಗ ಸುಮಾರು 41.5 ಘನ ಸೆಂ.ಮೀ. ಆಗುತ್ತದೆ. ಒಂದು ಮಿಲಿಮೀಟರ್ ತೆಗೆದರೆ ಅದರಲ್ಲಿ 3.3 ಘನ ಸೆಂ.ಮೀ. ಕಡಿಮೆಯಾಗಿ, ಪ್ರಮಾಣ 7.5ಕ್ಕೆ ಏರುತ್ತದೆ. ಒತ್ತಡ ಏರಿದರೆ ಬಲ ಏರುತ್ತದೆ, ನಿಜ. ಜೊತೆಯಲ್ಲಿ ಕಾವೂ ಏರುತ್ತದೆಂಬುದನ್ನು ಮೇಸ್ತ್ರಿಗಳು ಹೇಳಿದರು, ನಾನು ಕೇಳಲಿಲ್ಲ.

ಎಂಜಿನ್ ಎದ್ದಿತು. ತಾಯಿಯವರನ್ನು ಜಗಲಿಗೆ ಕರೆತಂದು ಕೂರಿಸಿದೆವು. ಸ್ವಲ್ಪ ಹೊತ್ತು ಕೇಳಿಸಿಕೊಂಡು, “ಯಾರ ಗಾಡಿಯೋ ಇದು?” ಎಂದು ಕೇಳಿದರು. ಅದರ ಮುಂದಿನ ವಾರ ಊರ ಹೊರಗಿನ ರಸ್ತೆಯಲ್ಲಿ ಏರು ಹತ್ತುತ್ತಿದ್ದಾಗ ಪಿಸ್ಟನ್ ಕಚ್ಚಿಕೊಂಡು, ಹಿಂದಿನ ಚಕ್ರ ಒಮ್ಮೆಲೇ ನಿಂತು ಜಾರಿತು. ಕ್ಲಚ್ ಹಿಡಿದದ್ದರಿಂದ ಮೊಣಕಾಲು ತರಚಿದ್ದಕ್ಕೇ ಮುಗಿಯಿತು. ಹಿಂದೆ ಲಾರಿ ಬರುತ್ತಿದ್ದರೆ ಈ ಭಾಷಣವೇ ಇರುತ್ತಿರಲಿಲ್ಲ.

ಕಾರಣ ಬಿಚ್ಚಿದಾಗ ತಿಳಿಯಿತು. ಸಿಲಿಂಡರು ಹೊಸ ಮಾದರಿಯದು, ಕಾರ್ಬುರೇಟರಿನ ಜೆಟ್ ಮಾತ್ರ ಹಳೆಯದು. ಗಾಳಿ ಹೆಚ್ಚು ನುಗ್ಗಿತು, ಅದಕ್ಕೆ ತಕ್ಕ ಪೆಟ್ರೋಲು ಬರಲಿಲ್ಲ. ಈ ಎಂಜಿನ್ನಿಗೆ ಎಣ್ಣೆ ದೊರೆಯುವುದೂ ಪೆಟ್ರೋಲಿನ ಮೂಲಕವೇ. ಲೀಟರಿಗೆ 40 ಮಿ.ಲೀ. ಬೆರೆಸಿದರೆ 25ಕ್ಕೆ 1ರ ಪ್ರಮಾಣ. ಪೆಟ್ರೋಲು ಕಡಿಮೆಯಾದಾಗ ಎಣ್ಣೆಯೂ ಕಡಿಮೆಯಾಯಿತು. ಅದರ ಮೇಲೆ ಏರಿಸಿದ ಒತ್ತಡದ ಕಾವು. ಅಲ್ಯುಮಿನಿಯಮ್ ಪಿಸ್ಟನ್ ಕಬ್ಬಿಣದ ಸಿಲಿಂಡರಿಗಿಂತ ಬೇಗ ಹಿಗ್ಗಿ ಗೋಡೆಗೆ ಅಂಟಿಕೊಂಡಿತು. ಕಾಫಿಯ ಬಣ್ಣ ತೋರಬೇಕಿದ್ದ ಪ್ಲಗ್ಗಿನ ತುದಿ ಬೂದಿಯಂತೆ ಬೆಳ್ಳಗಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆ ನನಗೆ ಪೂರ್ತಿ ಅರ್ಥವಾದದ್ದು ಆ ದಿನ.

ಎರಡನೆಯ ಸಲ ಮೇಸ್ತ್ರಿಗಳ ಮಾತನ್ನೇ ಕೇಳಿದೆ. ಮೂಲ ಸಿಲಿಂಡರನ್ನೇ ಕೊರೆದು ಎರಕದ ಕಬ್ಬಿಣದ ಹೊಸ ಸ್ಲೀವ್ ಇಳಿಸಿದರು. ಅದರಲ್ಲಿ ಹಳೆಯ ಕಿಂಡಿಗಳ ಅಳತೆಗೆ ಸರಿಯಾಗಿ ಕಿಂಡಿ ಕೊರೆದು, ರಿಂಗುಗಳು ಸಿಕ್ಕಿಕೊಳ್ಳದಂತೆ ಅಂಚುಗಳನ್ನು ಅರದಿಂದ ನಯ ಮಾಡಿದರು. ತುರಿಸದ ಬೇರೊಂದು ಹೆಡ್ಡು ಗುಜರಿಯಲ್ಲಿ ಸಿಕ್ಕಿತು. ಪಿಸ್ಟನ್ ಬೇರೊಬ್ಬ ತಯಾರಕರದು. ಅದರ ಪಿನ್ನಿನ ವ್ಯಾಸ, ಪಿನ್ನಿನಿಂದ ತಲೆಯವರೆಗಿನ ಎತ್ತರ, ರಿಂಗಿನ ತುದಿಗಳನ್ನು ಹಿಡಿಯುವ ಮೊಳೆಯ ಜಾಗ, ಇವೆಲ್ಲವನ್ನೂ ಹಳೆಯದರ ಪಕ್ಕದಲ್ಲಿಟ್ಟು ಅಳೆದೇ ಒಪ್ಪಿಕೊಂಡೆವು. ಕನೆಕ್ಟಿಂಗ್ ರಾಡ್ ಹಳೆಯ ದಾಸ್ತಾನಿನದು. ಅದನ್ನು ಕೂರಿಸಿದ ಮೇಲೆ ಕ್ರ್ಯಾಂಕನ್ನು ತಿರುಗಿಸಿ ಓಲಾಟ ಹೋಗುವವರೆಗೆ ತಿದ್ದಿದರು.

ಅಂತೂ ಎರವಲು ಅಂಗಗಳು ಇದರಲ್ಲಿಯೂ ಇವೆ. ಹಾಗಾದರೆ ಗೆರೆ ಎಳೆಯುವುದೆಲ್ಲಿ? ಸವೆಯುವುದಕ್ಕೆಂದೇ ಇರುವ ಪಿಸ್ಟನ್, ರಿಂಗ್, ಬೇರಿಂಗ್, ಸೀಲುಗಳು ಬದಲಾಗಬಹುದು; ವೇಳಾಪಟ್ಟಿಯನ್ನು ನಿರ್ಣಯಿಸುವ ಕಿಂಡಿ, ಜೆಟ್, ಹೆಡ್ಡು, ಸೈಲೆನ್ಸರುಗಳು ಮಾತ್ರ ಒಂದೇ ಕುಟುಂಬದವಾಗಿರಬೇಕು. ಕ್ರ್ಯಾಂಕ್‌ಕೇಸಿನ ಮೇಲೆ ಕೆತ್ತಿದ ಎಂಜಿನ್ ಸಂಖ್ಯೆ ನೋಂದಣಿ ಪತ್ರದಲ್ಲಿಯೂ ಇರುವುದರಿಂದ ಅದನ್ನು ಬದಲಿಸುವುದೆಂದರೆ ಗಾಡಿಯ ಗುರುತನ್ನೇ ಬದಲಿಸಿದಂತೆ. ಇನ್ನೊಂದು ಮಾತು. 2021ರಲ್ಲಿ ಕೇಂದ್ರ ಸರಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, 50 ವರ್ಷ ಮೀರಿದ ವಾಹನಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿಗೆ ಅವಕಾಶ ಕಲ್ಪಿಸಿತು. ಆದರೆ ವಾಹನ ಮೂಲ ರೂಪದಲ್ಲಿಯೇ ಉಳಿದಿರಬೇಕು, ಗಣನೀಯ ಮಾರ್ಪಾಡು ಆಗಿರಬಾರದು. ಐವತ್ತು ದಾಟಿದ ನಮ್ಮ ಗಾಡಿಗೆ ಆ ಗೌರವ ಬೇಕೆಂದಿದ್ದರೆ ನನ್ನ ಮೊದಲ ಪ್ರಯೋಗವೇ ಅದಕ್ಕೆ ಅಡ್ಡಿಯಾಗುತ್ತಿತ್ತು.

ಈ ಗಾಡಿಯಲ್ಲಿ ಕಿಕ್ ಹೊಡೆಯುವ ಕೋಲೂ ಗೇರು ಬದಲಿಸುವ ಕೋಲೂ ಒಂದೇ. ಮೂರನೆಯ ಕಿಕ್ಕಿಗೆ ಎಂಜಿನ್ ಎದ್ದಿತು. ನಾನು ಬೀದಿಯ ತಿರುವಿನವರೆಗೆ ನಿಧಾನವಾಗಿ ಹೋಗಿ ಮರಳಿದೆ. ತಾಯಿ ಈ ಸಲ ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮೇಸ್ತ್ರಿಗಳಿಗೂ ಸೇರಿಸಿ ಒಳಗಿನಿಂದ ಕಾಫಿ ಕಳಿಸಿದರು.