ಕಡಲ ಬಾಗಿಲು ಮಂಗಳೂರು

ಪಶ್ಚಿಮಘಟ್ಟಗಳಿಂದ ಹರಿದುಬರುವ ನೇತ್ರಾವತಿ ಮತ್ತು ಗುರುಪುರ ನದಿಗಳು ಅರಬ್ಬೀ ಸಮುದ್ರವನ್ನು ಸೇರುವ ಅಳಿವೆಯ ಬಳಿ ಮಂಗಳೂರು ನಗರವು ನೆಲೆಸಿದೆ. ಮೆಣಸು, ಶುಂಠಿ, ಅಕ್ಕಿಗಳನ್ನು ಇಲ್ಲಿಂದ ಹಡಗುಗಳು ದೂರದೇಶಗಳಿಗೆ ಒಯ್ಯುತ್ತಿದ್ದವು. ನಾಡಿಗೆ ಬಾಗಿಲಿನಂತಿದ್ದ ಈ ಬಂದರು ಯಾರ ಅಧೀನದಲ್ಲಿರಬೇಕೆಂಬ ಹೋರಾಟವೇ ಊರಿನ ಚರಿತ್ರೆಯ ಬಹುಭಾಗವಾಗಿದೆ.

ಮೊದಲು ಈ ಬಾಗಿಲು ಎಲ್ಲರಿಗೂ ತೆರೆದಿತ್ತು. 12ನೆಯ ಶತಮಾನದಲ್ಲಿ ಟ್ಯುನೀಸಿಯದ ಯಹೂದಿ ವರ್ತಕ ಬೆನ್ ಯಿಜು ಇಲ್ಲಿ ಹಲವು ವರ್ಷ ವಾಸವಾಗಿದ್ದು ಕಂಚಿನ ಪಾತ್ರೆಗಳನ್ನು ಮಾಡಿಸಿ ಏಡನ್ ಬಂದರಿಗೆ ಕಳುಹಿಸುತ್ತಿದ್ದನು. ಕೈರೋ ನಗರದ ಪ್ರಾರ್ಥನಾಮಂದಿರವೊಂದರಲ್ಲಿ ದೊರೆತ ಹಳೆಯ ಪತ್ರಗಳು ಇದನ್ನು ತಿಳಿಸುತ್ತವೆ. 14ನೆಯ ಶತಮಾನದಲ್ಲಿ ಬಂದ ಪ್ರವಾಸಿ ಇಬ್ನ್ ಬತೂತನು ಪರ್ಷಿಯ ಮತ್ತು ಯೆಮೆನ್ ದೇಶಗಳ ವರ್ತಕರನ್ನು ಇಲ್ಲಿ ಕಂಡನು. ಕಡಲಿಗೆ ಒಡೆಯನಿರಬೇಕೆಂಬ ಭಾವನೆ ಆ ವರ್ತಕರಲ್ಲಿ ಇರಲಿಲ್ಲ.

1498ರಲ್ಲಿ ವಾಸ್ಕೋ ಡ ಗಾಮನು ಭಾರತಕ್ಕೆ ಬಂದ ಬಳಿಕ ಪರಿಸ್ಥಿತಿ ಬದಲಾಯಿತು. ತಮ್ಮ ರಹದಾರಿ ಪತ್ರವಿಲ್ಲದ ಹಡಗುಗಳನ್ನು ಪೋರ್ಚುಗೀಸರು ವಶಪಡಿಸಿಕೊಳ್ಳತೊಡಗಿದರು. ತಲೆತಲಾಂತರದಿಂದ ನಡೆದಾಡಿದ ಕಡಲಿನಲ್ಲಿಯೇ ಇಲ್ಲಿನ ವರ್ತಕರು ಪರರ ಅನುಮತಿ ಬೇಡಬೇಕಾಯಿತು. 1568ರಲ್ಲಿ ಮಂಗಳೂರಿನಲ್ಲಿ ಪೋರ್ಚುಗೀಸರ ಕೋಟೆ ಎದ್ದಿತು. ಆದರೆ ನೇತ್ರಾವತಿಯ ಆಚೆ ದಡದ ಉಳ್ಳಾಲದ ಚೌಟ ಅರಸುಮನೆತನವು ತಲೆಬಾಗಲಿಲ್ಲ. ರಾಣಿ ಅಬ್ಬಕ್ಕನು ಅವರನ್ನು ಧೈರ್ಯದಿಂದ ಎದುರಿಸಿದಳು. 1623ರಲ್ಲಿ ಉಳ್ಳಾಲದ ರಾಣಿಯನ್ನು ಭೇಟಿಮಾಡಿದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು, ಆಕೆ ಬರಿಗಾಲಿನಲ್ಲಿ ನಡೆದು ನೀರಿನ ಕಾಲುವೆಯ ಕೆಲಸವನ್ನು ನೋಡಿಕೊಳ್ಳುತ್ತಿದ್ದುದನ್ನು ಬಣ್ಣಿಸಿದ್ದಾನೆ.

1763ರಲ್ಲಿ ಹೈದರಾಲಿಯು ಮಂಗಳೂರನ್ನು ಗೆದ್ದು ಇಲ್ಲಿ ಹಡಗುಕಟ್ಟೆಯನ್ನು ಸ್ಥಾಪಿಸಿದನು. ಕಡಲಿನ ಬಲವಿಲ್ಲದೆ ರಾಜ್ಯ ಉಳಿಯದೆಂಬುದನ್ನು ಅವನು ಅರಿತಿದ್ದನು. ಇಂಗ್ಲಿಷರೊಡನೆ ನಡೆದ ಎರಡನೆಯ ಮೈಸೂರು ಯುದ್ಧವು 1784ರ ಮಾರ್ಚ್ 11ರಂದು ಟಿಪ್ಪು ಸುಲ್ತಾನನು ಮಾಡಿಕೊಂಡ ಮಂಗಳೂರು ಒಪ್ಪಂದದಿಂದ ಮುಗಿಯಿತು. ಎರಡು ಪಕ್ಷದವರೂ ಗೆದ್ದ ಪ್ರದೇಶಗಳನ್ನು ಹಿಂದಿರುಗಿಸಬೇಕೆಂಬುದು ಅದರ ಮುಖ್ಯ ಷರತ್ತು. 1799ರಲ್ಲಿ ಟಿಪ್ಪುವಿನ ಪತನಾನಂತರ ಬಂದರು ಇಂಗ್ಲಿಷರ ಪಾಲಾಯಿತು.

ಪರಕೀಯರ ಆಳ್ವಿಕೆಯಲ್ಲಿಯೂ ಊರಿನ ಚೈತನ್ಯ ಕುಂದಲಿಲ್ಲ. 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರು ಅಚ್ಚುಕೂಟವನ್ನು ತೆರೆದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವು 1843ರಲ್ಲಿ ಇಲ್ಲಿಂದ ಹೊರಟಿತು. 1865ರಲ್ಲಿ ಹೆಂಚಿನ ಕಾರ್ಖಾನೆ ಆರಂಭವಾಯಿತು. ನದೀತೀರದ ಜೇಡಿಮಣ್ಣು ಕೆಂಪು ಹೆಂಚಾಗಿ ಕಡಲಾಚೆಗೂ ಹೋಯಿತು. ಆದರೆ ನದಿಗಳು ತಂದ ಮರಳು ಅಳಿವೆಯಲ್ಲಿ ಶೇಖರವಾಗಿ ದೊಡ್ಡ ಹಡಗುಗಳು ಒಳಗೆ ಬಾರದಾದವು. ಈ ತೊಡಕನ್ನು ನೀಗಲು ಉತ್ತರದ ಪಣಂಬೂರಿನಲ್ಲಿ ನಿರ್ಮಿಸಿದ ನವಮಂಗಳೂರು ಬಂದರು 1975ರಲ್ಲಿ ಉದ್ಘಾಟನೆಗೊಂಡಿತು.

ಬೆನ್ ಯಿಜುವಿನ ಕಾಲದಂತೆ ಇಂದೂ ಅನೇಕ ದೇಶಗಳ ಹಡಗುಗಳು ಇಲ್ಲಿಗೆ ಬರುತ್ತವೆ. ಆದರೆ ಬಾಗಿಲಿನ ಬೀಗದ ಕೈ ಈಗ ಈ ನಾಡಿನವರ ಕೈಯಲ್ಲಿಯೇ ಇದೆ.