ಡೆಬಿಯನ್ನಿನ ಮತಪತ್ರ

ಗಣಕಯಂತ್ರವನ್ನು ನಡೆಯಿಸುವ ಮೂಲತಂತ್ರಾಂಶವನ್ನು ಕೂಡಿ ಕಟ್ಟಿ, ಲೋಕಕ್ಕೆಲ್ಲ ಮುಕ್ತವಾಗಿ ನೀಡುತ್ತಿರುವ ಸ್ವಯಂಸೇವಕ ಬಳಗಗಳಲ್ಲಿ ಡೆಬಿಯನ್ ಅಗ್ರಗಣ್ಯವಾದುದು. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಈ ಬಳಗವು 1997ರಲ್ಲಿ ಒಂದು ಸಾಮಾಜಿಕ ಒಡಂಬಡಿಕೆಯನ್ನೂ ಮರುವರ್ಷ ಲಿಖಿತ ಸಂವಿಧಾನವನ್ನೂ ಅಂಗೀಕರಿಸಿತು. ನಾಯಕನ ಚುನಾವಣೆ ವರ್ಷಕ್ಕೊಮ್ಮೆ. ಮತಾಧಿಕಾರವುಳ್ಳ ಸದಸ್ಯರು ಸುಮಾರು ಒಂದು ಸಾವಿರ.

ಇಂತಹ ಬಳಗದ ಮುಂದಿನ ಹಾದಿಯನ್ನು ನಾಯಕನೇ ನಿರ್ಧರಿಸುವನೆಂದೋ, ಹೆಚ್ಚು ಕೈಗಳು ಎದ್ದ ಪಕ್ಷವೇ ಗೆಲ್ಲುವುದೆಂದೋ ಭಾವಿಸುವವರು ಬಹುಮಂದಿ. ಆದರೆ ಯಾರ ಮೇಲೂ ಕೆಲಸವನ್ನು ಹೇರತಕ್ಕದ್ದಲ್ಲವೆಂದು ಸಂವಿಧಾನವೇ ವಿಧಿಸಿರುವುದರಿಂದ, ಸೋತವನು ಖಿನ್ನನಾಗಿ ಎದ್ದುಹೋದರೆ ಅವನನ್ನು ತಡೆಯುವ ಶಕ್ತಿ ಅಲ್ಲಿ ಯಾರಿಗೂ ಇಲ್ಲ. ಆದುದರಿಂದ ಒಂದು ಧೋರಣೆಯನ್ನು ಎಷ್ಟು ಜನ ಅತ್ಯಂತ ಪ್ರೀತಿಸುವರೆಂಬುದಕ್ಕಿಂತ, ಪ್ರೀತಿಸದವರೂ ಅದರಡಿಯಲ್ಲಿ ದುಡಿಯಬಲ್ಲರೇ ಎಂಬುದೇ ಅಲ್ಲಿ ಮುಖ್ಯವಾದ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಕೊಡುವ ಮತಗಣನೆಯ ಸೊಗಸನ್ನು ಎಷ್ಟು ಸಲ ವಿವರಿಸಿದರೂ ನನಗೆ ತೃಪ್ತಿಯಿಲ್ಲ. ಸದಸ್ಯನು ಒಂದೇ ಸಲಹೆಗೆ ಗುರುತು ಹಾಕದೆ, ಎಲ್ಲವನ್ನೂ ತನ್ನ ಒಲವಿನ ಕ್ರಮದಲ್ಲಿ ಬರೆಯುತ್ತಾನೆ. ನೂರು ಮಂದಿಯಲ್ಲಿ 40 ಜನರಿಗೆ ಹಳೆಯ ನೀತಿಯೂ 35 ಜನರಿಗೆ ಹೊಸ ನೀತಿಯೂ 25 ಜನರಿಗೆ ಮಧ್ಯಮಮಾರ್ಗವೂ ಮೊದಲ ಆಯ್ಕೆಯಾಗಿದ್ದು, ಮೊದಲೆರಡು ಪಂಗಡಗಳಿಗೆ ಮಧ್ಯಮಮಾರ್ಗವೇ ಎರಡನೆಯ ಆಯ್ಕೆಯೆನ್ನೋಣ. ಸಾಮಾನ್ಯ ಎಣಿಕೆಯಲ್ಲಿ ಹಳೆಯ ನೀತಿ ಗೆದ್ದು, ಮಧ್ಯಮಮಾರ್ಗ ಕೊನೆಯಲ್ಲಿ ನಿಲ್ಲುತ್ತದೆ. ಆದರೆ ಎರಡೆರಡನ್ನೇ ಎದುರುಬದುರು ನಿಲ್ಲಿಸಿ ತೂಗಿದರೆ, ಅದೇ ಮಧ್ಯಮಮಾರ್ಗವು ಹಳೆಯದನ್ನು 60ಕ್ಕೆ 40ರಂತೆ, ಹೊಸದನ್ನು 65ಕ್ಕೆ 35ರಂತೆ ಸೋಲಿಸುತ್ತದೆ! ಫ್ರಾನ್ಸ್ ದೇಶದ ಗಣಿತಜ್ಞ ಕಾಂಡೊರ್ಸೆ 1785ರಲ್ಲಿ ಪ್ರತಿಪಾದಿಸಿದ ಈ ತತ್ತ್ವವು, ತನ್ನ ಕಾಲದಲ್ಲಿ ಯಾರೂ ಊಹಿಸದಿದ್ದ ಯಂತ್ರವೊಂದರ ನಿರ್ಮಾತೃಗಳ ನಡುವೆ ಫಲಿಸಿತೆಂಬುದು ವಿಸ್ಮಯಕರವಲ್ಲವೆ?

ಇದರೊಡನೆ 'ಇವಾವುವೂ ಬೇಡ' ಎಂಬ ಆಯ್ಕೆಯೂ ಮತಪತ್ರದಲ್ಲಿರುತ್ತದೆ. ಪ್ರತಿಯೊಂದು ಸಲಹೆಯೂ ಅದನ್ನು ಮೀರಲೇಬೇಕು. ಒಡಂಬಡಿಕೆಯಂತಹ ಮೂಲದಸ್ತಾವೇಜನ್ನು ತಿದ್ದುವುದಾದರೆ ಒಂದಕ್ಕೆ ಮೂರರ ಪ್ರಮಾಣದಲ್ಲಿ ಮೀರಬೇಕು. 2022ರಲ್ಲಿ ಈ ನಿಯಮಕ್ಕೆ ಕಠಿಣವಾದ ಪರೀಕ್ಷೆ ಒದಗಿತು. ವೈ-ಫೈ ಮೊದಲಾದ ಯಂತ್ರಾಂಗಗಳಿಗೆ ಬೇಕಾದ, ಆದರೆ ಮುಕ್ತವಲ್ಲದ ತಂತ್ರಾಂಶವಾದ ಫರ್ಮ್‌ವೇರನ್ನು ಅಧಿಕೃತ ಅನುಸ್ಥಾಪನೆಯಲ್ಲಿ ಸೇರಿಸಬಹುದೇ ಎಂಬ ವಿವಾದವು ಬಳಗದ ಆದರ್ಶದ ಮರ್ಮವನ್ನೇ ಮುಟ್ಟಿತ್ತು. ಹಲವು ಸಲಹೆಗಳ ನಡುವೆ, ಒಡಂಬಡಿಕೆಯನ್ನೇ ತಿದ್ದಿ ಅದಕ್ಕೆ ಅವಕಾಶ ನೀಡುವ ಸಲಹೆ ಆ ಪ್ರಮಾಣವನ್ನೂ ದಾಟಿ ಜಯಿಸಿತು. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12 ಆ ಪ್ರಕಾರವೇ ರೂಪುಗೊಂಡಿತು.

ಎರಡೆರಡನ್ನೇ ತೂಗುವ ಈ ಎಣಿಕೆಯಲ್ಲಿ ಒಂದು ತೊಡಕು ಮಾತ್ರ ಉಳಿಯುತ್ತದೆ. ಮೊದಲನೆಯ ಸಲಹೆ ಎರಡನೆಯದನ್ನು, ಎರಡನೆಯದು ಮೂರನೆಯದನ್ನು, ಮೂರನೆಯದು ಮರಳಿ ಮೊದಲನೆಯದನ್ನು ಸೋಲಿಸುವ ಚಕ್ರವೂ ಸಂಭವನೀಯವೆಂದು ಕಾಂಡೊರ್ಸೆಯೇ ಕಂಡಿದ್ದನು. ಚಕ್ರದಲ್ಲಿನ ಅತಿ ದುರ್ಬಲವಾದ ಗೆಲುವನ್ನು ಕೈಬಿಡುವ, ಶುಲ್ಜೆ ಎಂಬವರು ರೂಪಿಸಿದ ವಿಧಾನವನ್ನು ಡೆಬಿಯನ್ 2003ರಲ್ಲಿ ಸ್ವೀಕರಿಸಿತು. ಪ್ರತಿ ಮತದಾನದ ಜೋಡಿ-ಎಣಿಕೆಯ ಕೋಷ್ಟಕವನ್ನೂ ಬಳಗವು ಪ್ರಕಟಿಸುತ್ತದೆ. ಜಿಜ್ಞಾಸುಗಳಾದ ಓದುಗರು ಅಂತಹ ಒಂದನ್ನು ಮುಂದಿಟ್ಟುಕೊಂಡು, ಗೆದ್ದ ಸಲಹೆ ಹೇಗೆ ಗೆದ್ದಿತೆಂಬುದನ್ನು ತಮ್ಮ ಕೈಯಿಂದಲೇ ಲೆಕ್ಕಹಾಕಿ ನೋಡಬೇಕೆಂದು ಪ್ರಾರ್ಥಿಸುತ್ತೇನೆ.