ಗಲೀನಾ: ಚರ್ಮದಂಗಡಿಯ ಗ್ರಾಂಟನ ಊರು

ಅಮೆರಿಕದ ಇಲಿನಾಯ್ ಸಂಸ್ಥಾನದ ವಾಯವ್ಯ ಮೂಲೆಯಲ್ಲಿ, ಮಿಸಿಸಿಪ್ಪಿ ನದಿಗೆ ಕೆಲವೇ ಮೈಲಿಗಳ ದೂರದಲ್ಲಿ, ಗುಡ್ಡದ ಇಳಿಜಾರಿಗೆ ಇಟ್ಟಿಗೆಯ ಮನೆಗಳನ್ನು ಸಾಲುಸಾಲಾಗಿ ಆನಿಸಿಕೊಂಡಿರುವ ಗಲೀನಾ ಪಟ್ಟಣದಲ್ಲಿ ಯಾತ್ರಿಕನನ್ನು ಮೊದಲು ಪರೀಕ್ಷಿಸುವುವು ಅಲ್ಲಿನ ಮೆಟ್ಟಿಲುಗಳು. 1860ರಲ್ಲಿ, ಮುಂದೆ ದೇಶದ ಅಧ್ಯಕ್ಷನಾದ ಯುಲಿಸೀಸ್ ಗ್ರಾಂಟನು ಮೇಲಣ ಹೈ ಸ್ಟ್ರೀಟಿನ ಬಾಡಿಗೆ ಮನೆಯಿಂದ ಪೇಟೆಬೀದಿಯ ಚರ್ಮದಂಗಡಿಗೆ ನಿತ್ಯವೂ ಇಳಿದು, ಸಂಜೆ ಮರಳಿ ಏರುತ್ತಿದ್ದನು.

ಸೀಸದ ಗಣಿಗಳಿಂದಲೂ ಹಬೆದೋಣಿಗಳ ವ್ಯಾಪಾರದಿಂದಲೂ ಬೆಳೆದ ಈ ಊರು, ಊರಿನ ನಡುವೆ ಹರಿವ ನದಿ ಹೂಳು ತುಂಬಿಕೊಂಡು ರೈಲು ಬಂದಮೇಲೆ ಸೊರಗಿತು; ಹೊಸದನ್ನು ಕಟ್ಟಲು ಹಣವಿಲ್ಲದುದರಿಂದಲೇ ಹಳೆಯ ಕಟ್ಟಡಗಳು ಉಳಿದುವೆಂದು ತೋರುತ್ತದೆ.

ಸೈನಿಕ ಶಾಲೆಯಲ್ಲಿ ಕಲಿತು, ಮೆಕ್ಸಿಕೋ ಯುದ್ಧದಲ್ಲಿ ಕಾದಾಡಿ, 1854ರಲ್ಲಿ ಹುದ್ದೆಯನ್ನು ತ್ಯಜಿಸಿ, ಬೇಸಾಯದಲ್ಲಿ ಸೋತು, ಸೌದೆಯನ್ನೂ ಮಾರಿ ನೋಡಿದ ಗ್ರಾಂಟನು, ಬಾಲ್ಯದಿಂದಲೂ ಚರ್ಮ ಹದಮಾಡುವ ಕಸುಬನ್ನು ಕಂಡರಾಗದವನಾಗಿದ್ದೂ, ಮೂವತ್ತೆಂಟನೆಯ ವಯಸ್ಸಿನಲ್ಲಿ ತಮ್ಮಂದಿರು ನಡೆಸುತ್ತಿದ್ದ ತಂದೆಯ ಅಂಗಡಿಯನ್ನೇ ಸೇರಬೇಕಾಯಿತು. ಬೆಲೆ ಕುದುರಿಸುವ ಜಾಣ್ಮೆ ಆತನಿಗಿರಲಿಲ್ಲ. 1861ರ ಏಪ್ರಿಲಿನಲ್ಲಿ ಅಂತರ್ಯುದ್ಧ ಆರಂಭವಾದಾಗ ಊರಿನ ಸಭೆಯೊಂದಕ್ಕೆ ಅಧ್ಯಕ್ಷನಾದ ಮೇಲೆ, ಅಂಗಡಿಯಲ್ಲಿ ಮತ್ತೆ ಒಂದು ಪೊಟ್ಟಣವನ್ನೂ ಆತ ಕಟ್ಟಲಿಲ್ಲ. ಸ್ವಯಂಸೇವಕರಿಗೆ ಕವಾಯತು ಕಲಿಸಿದನು, ಸಮವಸ್ತ್ರ ಹೊಲಿಯಲು ಮುಂದಾದ ಹೆಂಗಸರಿಗೆ ಅದರ ಮಾದರಿಯನ್ನು ವಿವರಿಸಿದನು. ನಾಲ್ಕು ವರ್ಷಗಳಲ್ಲಿ ಆ ಗುಮಾಸ್ತನು ಸೈನ್ಯಕ್ಕೇ ಅಧಿಪತಿ!

1865ರ ಆಗಸ್ಟಿನಲ್ಲಿ ಮರಳಿದ ಗ್ರಾಂಟನಿಗೆ ಊರವರು ಕಾಣಿಕೆಯಾಗಿತ್ತ ಮನೆಯನ್ನು ತೋರಿಸುತ್ತಿದ್ದ ವೃದ್ಧೆಯೊಬ್ಬಳು ಪೀಠೋಪಕರಣಗಳನ್ನು ಬದಿಗಿರಿಸಿ ಕಾಲುದಾರಿಯ ಕಥೆಯನ್ನೇ ಸವಿಸ್ತಾರವಾಗಿ ಹೇಳಿದಳು. ಅಧ್ಯಕ್ಷಪದವಿಯ ಮಾತೆತ್ತಿದವರಿಗೆ ಆತನು, ತನಗೆ ಗಲೀನಾದ ಮೇಯರಾದರೆ ಸಾಕು, ಮನೆಯಿಂದ ರೈಲು ನಿಲ್ದಾಣಕ್ಕೆ ಒಳ್ಳೆಯ ಕಾಲುದಾರಿ ಮಾಡಿಸಿಬಿಡುವೆನೆಂದು ಹಾಸ್ಯವಾಡಿದ್ದನಂತೆ. ಮರಳಿದ ದಿನ ಸ್ವಾಗತದ ಕಮಾನಿನ ಮೇಲೆ, ಕಾಲುದಾರಿ ಸಿದ್ಧವಾಗಿದೆಯೆಂದು ಬರೆಸಿದ್ದರಂತೆ. "ಕೇಳದೆಯೇ ಪುರಸಭೆ ಮಾಡಿಕೊಟ್ಟ ಕೆಲಸ ಅದೊಂದೇ ಇರಬೇಕು" ಎಂದು ನಕ್ಕಳು.

1869ರಿಂದ ಎಂಟು ವರ್ಷ ರಾಷ್ಟ್ರಾಧ್ಯಕ್ಷನಾಗಿ, ವಿಮುಕ್ತ ಗುಲಾಮರ ಹಕ್ಕುಗಳಿಗಾಗಿ ಕೂ ಕ್ಲಕ್ಸ್ ಕ್ಲಾನೆಂಬ ಬಿಳಿಯರ ಹಿಂಸಾತ್ಮಕ ಗುಪ್ತಕೂಟವನ್ನು ದಮನಿಸಿದ ಗ್ರಾಂಟನು, ಅಂಗಡಿಯಲ್ಲಿ ಗಿರಾಕಿಯನ್ನು ಅಳೆಯಲಾರದಂತೆಯೇ ವಾಷಿಂಗ್ಟನ್ನಿನಲ್ಲಿ ಆಪ್ತರನ್ನೂ ಅಳೆಯಲಾರದೆ ಅವರ ಲಂಚಗುಳಿತನದಿಂದ ಕಳಂಕಿತನಾದನು.

ಪ್ರವಾಸಿಗಳೆಲ್ಲ ಈ ಕಾಣಿಕೆಯ ಮನೆಗೇ ಮುಗಿಬೀಳುವುದು ನನಗಷ್ಟು ಹಿಡಿಸಲಿಲ್ಲ, ಗೆದ್ದವನ ಮನೆಯದು. ಗಲೀನಾಕ್ಕೆ ಹೋಗುವವರು ಗಟ್ಟಿ ಪಾದರಕ್ಷೆ ಧರಿಸಿ, ಮೆಟ್ಟಿಲುಗಳನ್ನು ಹತ್ತಿ, ಹೈ ಸ್ಟ್ರೀಟಿನ ಆ ಬಾಡಿಗೆ ಮನೆಯನ್ನು ಹೊರಗಿನಿಂದಲಾದರೂ ನೋಡಿ ಬರಬೇಕು.